ಸಾಯಕಲ್ಲಿನ ಅಂಗಡಿಯಿಂದ ಜೆಟ್ ವಿಮಾನಕ್ಕೆ

ಬೈಲಹೊಂಗಲದ ಪೇಟೆಯಲ್ಲಿ ಸಂತೆಯ ದಿನ ಒಂದು ಗಳಿಗೆ ನಿಂತು ನೋಡಿದವರಿಗೆ ಹೋಂಡಾ ಎಂಬ ಹೆಸರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಹತ್ತಿಯ ವ್ಯಾಪಾರಿಯೂ, ಕನ್ನಡ ಶಾಲೆಯ ಮಾಸ್ತರರೂ, ಹಳ್ಳಿಯಿಂದ ಹಾಲು ತರುವ ಹುಡುಗನೂ ಆ ಹೆಸರಿನ ಗಾಡಿಯ ಮೇಲೆ ಓಡಾಡುವರು. ಕಿತ್ತೂರು, ಸವದತ್ತಿ, ರಾಮದುರ್ಗಗಳ ಬೀದಿಗಳಲ್ಲಿಯೂ ಇದೇ ನೋಟ. ಆದರೆ ಇದೇ ಹೋಂಡಾ ಸಂಸ್ಥೆಯು ಸ್ಕೂಟರು ಮೋಟಾರುಗಳಲ್ಲದೆ, ಆರೇಳು ಜನರು ಕುಳಿತು ಹಾರಬಹುದಾದ ಚಿಕ್ಕ ಜೆಟ್ ವಿಮಾನವನ್ನೂ ತಯಾರಿಸಿ ಮಾರುತ್ತಿರುವ ಸಂಗತಿಯು ನಮ್ಮ ವಾಚಕರಲ್ಲಿ ಎಷ್ಟು ಜನರಿಗೆ ಗೊತ್ತಿದ್ದೀತು?

ಗೊತ್ತಾಗಿ ನಮಗೇನು ಆಗಬೇಕಾಗಿದೆ ಎಂದು ಕೆಲವರು ಕೇಳಬಹುದು. ಆ ವಿಮಾನವು 2015ರಲ್ಲಿ ಪೇಟೆಗೆ ಬಂದಾಗ ಅದರ ಬೆಲೆ ಸುಮಾರು 45 ಲಕ್ಷ ಡಾಲರು. ಅಂದಿನ ದರದಂತೆ ಸುಮಾರು 30 ಕೋಟಿ ರೂಪಾಯಿ. ಮಲಪ್ರಭೆಯ ನೀರಿನ ಸರದಿಗೂ ಜೋಳದ ಧಾರಣೆಗೂ ಕಾದು ಕುಳಿತಿರುವ ನಮ್ಮ ಸೀಮೆಯಲ್ಲಿ ಅಂಥ ವಾಹನವನ್ನು ಕೊಳ್ಳುವವರು ಯಾರು? ಈ ಪ್ರಶ್ನೆಯು ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡದೆ ನಾವು ಈ ಲೇಖನವನ್ನು ಮುಗಿಸುವದಿಲ್ಲ. ಆದರೆ ಅದಕ್ಕಿಂತ ಮೊದಲು, ನೆಲದ ಮೇಲಿನ ಗಾಡಿಯನ್ನು ಮಾಡುವವನು ಮುಗಿಲಿಗೆ ಏರುವದು ಹೇಗೆ ಸಾಧ್ಯವಾಯಿತೆಂಬದನ್ನು ತಿಳಿಯುವದು ಅವಶ್ಯವಾಗಿದೆ.

ಹೋಂಡಾ ಸೋಯಿಚಿರೋ ಎಂಬ ಪುರುಷನು 1906ರಲ್ಲಿ ಜಪಾನಿನ ಹಳ್ಳಿಯೊಂದರಲ್ಲಿ ಕಮ್ಮಾರನ ಮಗನಾಗಿ ಹುಟ್ಟಿದನು. 1917ರಲ್ಲಿ ಹಮಾಮಾತ್ಸು ಎಂಬಲ್ಲಿ ಅಮೇರಿಕದ ವೈಮಾನಿಕನೊಬ್ಬನು ವಿಮಾನ ಹಾರಿಸಿ ತೋರಿಸುವನೆಂಬ ಸುದ್ದಿ ಕೇಳಿ, ಈ ಹುಡುಗನು ತಂದೆಯ ಸಾಯಕಲ್ಲನ್ನು ತೆಗೆದುಕೊಂಡು ಅಲ್ಲಿಗೆ ಓಡಿದನು. ಒಳಗೆ ಹೋಗಲು ಕೈಯಲ್ಲಿ ದುಡ್ಡು ಸಾಲಲಿಲ್ಲ. ಆಗ ಅವನು ಹೊರಗಿನ ಪೈನ್ ಮರವೊಂದನ್ನು ಹತ್ತಿ, ಟೊಂಗೆಯ ಮೇಲೆ ಕುಳಿತು ವಿಮಾನವನ್ನು ನೋಡಿದನಂತೆ. ಮುಂದೆ ಮಹಾಯುದ್ಧದಲ್ಲಿ ಸೋತ ಜಪಾನಿಗೆ ವಿಮಾನ ಕಟ್ಟುವ ಹಕ್ಕೇ ಇಲ್ಲದಂತಾಯಿತು. ಗೆದ್ದ ರಾಷ್ಟ್ರಗಳು ಹಾಕಿದ ಆ ನಿರ್ಬಂಧವು 1952ರ ವರೆಗೂ ನಡೆಯಿತು. ಆ ಕಾಲದಲ್ಲಿ ಸೋಯಿಚಿರೋ ಮಾಡಿದ್ದೇನು? ಸೈನ್ಯದವರು ಬಿಟ್ಟುಹೋದ ಚಿಕ್ಕ ಎಂಜಿನುಗಳನ್ನು ಸಾಯಕಲ್ಲುಗಳಿಗೆ ಜೋಡಿಸಿ ಮಾರಿದನು. 1948ರಲ್ಲಿ ಕಂಪನಿಯನ್ನು ಸ್ಥಾಪಿಸಿ ಮೋಟಾರುಸಾಯಕಲ್ಲಿಗೂ, 1963ರಲ್ಲಿ ನಾಲ್ಕು ಗಾಲಿಯ ಮೋಟಾರಿಗೂ ಬಂದನು. ವಿಮಾನದ ಆಸೆಯು ಒಳಗೇ ಕೆಂಡದಂತೆ ಉಳಿದಿತ್ತು.

1986ರಲ್ಲಿ ಆ ಸಂಸ್ಥೆಯು ವಿಮಾನದ ಸಂಶೋಧನೆಯನ್ನು ಸದ್ದಿಲ್ಲದೆ ಆರಂಭಿಸಿತು. ಮಿಚಿಮಾಸಾ ಫುಜಿನೋ ಎಂಬ ತರುಣ ಎಂಜಿನಿಯರನೂ ಕೆಲವು ಜೊತೆಗಾರರೂ ಅಮೇರಿಕದ ಮಿಸಿಸಿಪಿ ವಿಶ್ವವಿದ್ಯಾಲಯವೊಂದಕ್ಕೆ ಹೋಗಿ, ವಿದ್ಯಾರ್ಥಿಗಳಂತೆ ಕೈಕೆಲಸದಿಂದಲೇ ಕಲಿಯತೊಡಗಿದರು. 1993ರಲ್ಲಿ ಅವರ ಪ್ರಯೋಗದ ಜೆಟ್ ವಿಮಾನವೊಂದು ಹಾರಿತು. ಆದರೆ ಅದು ಮಾರುವಂಥದಾಗಿರಲಿಲ್ಲ. 1997ರಲ್ಲಿ ಫುಜಿನೋನು ಒಂದು ರಾತ್ರಿ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಹೊಸ ನಕ್ಷೆಯನ್ನು ಬರೆದನು. ಚಿಕ್ಕ ಜೆಟ್ ವಿಮಾನಗಳಲ್ಲಿ ಎಂಜಿನುಗಳನ್ನು ಸಾಮಾನ್ಯವಾಗಿ ಒಡಲಿನ ಹಿಂಭಾಗಕ್ಕೆ ಕಟ್ಟುವರು. ಅದರ ಆಧಾರದ ಕಂಬಿಗಳು ಒಳಗಿನ ಜಾಗವನ್ನು ನುಂಗುವವು. ಸಪ್ಪಳವೂ ಪ್ರಯಾಣಿಕರ ಕಿವಿಗೆ ಹತ್ತುವದು. ಫುಜಿನೋನು ಎಂಜಿನುಗಳನ್ನು ರೆಕ್ಕೆಗಳ ಮೇಲೆ ಗೂಟದಂಥ ಆಧಾರದಿಂದ ನಿಲ್ಲಿಸಿದನು. ರೆಕ್ಕೆಯ ಮೇಲಿನ ಗಾಳಿಯ ಹರಿವು ಕೆಟ್ಟು ವಿಮಾನಕ್ಕೆ ತಡೆಯುಂಟಾಗುವದೆಂಬದೇ ಅದುವರೆಗಿನ ಪಂಡಿತರ ಮತವಾಗಿತ್ತು. ಎಂಜಿನು ನಿಲ್ಲುವ ಸ್ಥಳವನ್ನು ಸರಿಯಾಗಿ ಆರಿಸಿದರೆ ಹೆಚ್ಚಿನ ವೇಗದಲ್ಲಿ ತಡೆಯು ಕಡಿಮೆಯೇ ಆಗುವದೆಂದು ಅವನು ಲೆಕ್ಕದಿಂದಲೂ ಗಾಳಿಯ ಸುರಂಗದಲ್ಲಿ ಪರೀಕ್ಷೆಯಿಂದಲೂ ತೋರಿಸಿದನು.

ಆ ನಕ್ಷೆಯ ವಿಮಾನವು 2003ನೇ ಡಿಸೆಂಬರ 3ರಂದು ಅಮೇರಿಕದ ಗ್ರೀನ್ಸ್‌ಬರೋದಲ್ಲಿ ಮೊದಲು ಹಾರಿತು. 2006ರಲ್ಲಿ ಹೋಂಡಾ ವಿಮಾನ ಕಂಪನಿಯು ಬೇರೆಯಾಗಿ ಸ್ಥಾಪಿತವಾಯಿತು. 2010ರಲ್ಲಿ ಗಿರಾಕಿಗಳಿಗೆ ಕೊಡುವೆವೆಂದು ಹೇಳಿದ್ದರು, ಆಗಲಿಲ್ಲ. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯೊಡನೆ ಕೂಡಿ ಮಾಡಿದ ಎಂಜಿನಿಗೆ ಸರಕಾರದ ಮಂಜೂರಾತಿ ದೊರೆಯಲು 2013 ಬರಬೇಕಾಯಿತು. ಇಡಿಯ ವಿಮಾನಕ್ಕೆ ಮಂಜೂರಾತಿ ದೊರೆತದ್ದು 2015ರ ಡಿಸೆಂಬರದಲ್ಲಿ. 1986ರಿಂದ 2015ರ ವರೆಗೆ ಲೆಕ್ಕ ಹಾಕಿದರೆ ಇಪ್ಪತ್ತೊಂಬತ್ತು ವರ್ಷ! ಆರಂಭದಲ್ಲಿ ತರುಣರಾಗಿದ್ದವರು ತಲೆ ನರೆತ ಮೇಲೆ ಫಲವನ್ನು ಕಂಡರು. ಸೋಯಿಚಿರೋನಂತೂ 1991ರಲ್ಲಿಯೇ ತೀರಿಕೊಂಡಿದ್ದನು. 2017ರಿಂದ ಸತತವಾಗಿ ಐದು ವರ್ಷ ಆ ವರ್ಗದ ವಿಮಾನಗಳಲ್ಲಿ ಹೋಂಡಾಜೆಟ್ಟೇ ಹೆಚ್ಚಾಗಿ ಗಿರಾಕಿಗಳ ಕೈಸೇರಿತು. ಇಷ್ಟಾದರೂ ವಿಮಾನದ ವಿಭಾಗವು ವರ್ಷಗಳ ಕಾಲ ನಷ್ಟವನ್ನೇ ತೋರಿಸುತ್ತ ಬಂದಿತು. ಸ್ಕೂಟರು ಮೋಟಾರುಗಳ ಲಾಭವು ಅದನ್ನು ಹೊತ್ತಿತು. ಬೈಲಹೊಂಗಲದ ಗಿರಾಕಿಯು ಕೊಟ್ಟ ಹಣದ ಒಂದು ಕಾಸಾದರೂ ಆ ವಿಮಾನದ ರೆಕ್ಕೆಯಲ್ಲಿ ಸೇರಿರಲಾರದೆಂದು ಯಾರು ಹೇಳಬಲ್ಲರು?

ಮೋಟಾರು ಮಾಡುವವನಿಗೆ ವಿಮಾನವು ಇಷ್ಟು ಕಠಿನವಾಗುವದೇಕೆ? ಎರಡರಲ್ಲಿಯೂ ಎಂಜಿನು, ಲೋಹ, ಗಾಲಿ, ಎಣ್ಣೆ ಇವೆಯಲ್ಲ ಎಂದು ತೋರಬಹುದು. ಆದರೆ ಮೋಟಾರು ದಾರಿಯಲ್ಲಿ ಕೆಟ್ಟರೆ ಬದಿಗೆ ನಿಲ್ಲಿಸಿ ಮಿಸ್ತ್ರಿಯನ್ನು ಕರೆಯಬಹುದು, ಮುಗಿಲಿನಲ್ಲಿ ಬದಿಯಿಲ್ಲ. ಆದುದರಿಂದ ವಿಮಾನದ ಒಂದೊಂದು ಮೊಳೆಗೂ ಅದು ಯಾವ ಲೋಹದಿಂದ, ಯಾವ ದಿನ, ಯಾರ ಕೈಯಿಂದ ಆಯಿತೆಂಬ ದಾಖಲೆಯಿರಬೇಕು. ಎಂಜಿನಿಗೆ ಹಕ್ಕಿ ಬಡಿದರೆ, ಮಂಜುಗಡ್ಡೆ ನುಗ್ಗಿದರೆ, ಸಿಡಿಲು ಹೊಡೆದರೆ ಏನಾಗುವದೆಂಬದನ್ನು ಪರೀಕ್ಷೆ ಮಾಡಿ ತೋರಿಸಬೇಕು. ಮೋಟಾರಿನ ಲಾಭವು ಲಕ್ಷಗಟ್ಟಲೆ ಮಾಡುವದರಲ್ಲಿದೆ. ಚಿಕ್ಕ ಜೆಟ್ ವಿಮಾನಗಳು ವರ್ಷಕ್ಕೆ ಕೆಲವು ಹತ್ತುಗಳಷ್ಟು ಮಾತ್ರ ಹೋಗುವವು. ಹೆನ್ರಿ ಫೋರ್ಡನಂಥ ಧನಿಕನೂ 1925ರಲ್ಲಿ ಈ ಧಂದೆಗೆ ಕೈ ಹಾಕಿ, ಮೂರು ಎಂಜಿನುಗಳ ಪ್ರಸಿದ್ಧ ವಿಮಾನವನ್ನು ಮಾಡಿ, ಸುಮಾರು ಇನ್ನೂರು ವಿಮಾನಗಳಾಗುವಷ್ಟರಲ್ಲಿ 1933ಕ್ಕೆ ಕೈಬಿಟ್ಟನು. ಹಣವೊಂದೇ ಸಾಲದು, ತಾಳ್ಮೆಯು ಬೇಕು ಎಂಬದೇ ಇದರ ತಾತ್ಪರ್ಯ.

ಇನ್ನು ನಮ್ಮ ಮನೆಯ ಕಡೆಗೆ ನೋಡೋಣ. ಅಮೇರಿಕದಲ್ಲಿ ಮೊದಲ ವಿಮಾನವನ್ನು ಹಾರಿಸಿದ ರೈಟ್ ಸಹೋದರರು ಸಾಯಕಲ್ಲಿನ ಅಂಗಡಿಯವರು. ಹೋಂಡಾನ ಭಾಗ್ಯವೂ ಸಾಯಕಲ್ಲಿಗೆ ಕಟ್ಟಿದ ಎಂಜಿನಿನಿಂದಲೇ ತೆರೆಯಿತು. ಅಂಥದೇ ಒಂದು ಸಾಯಕಲ್ಲಿನ ಅಂಗಡಿಯು ನಮ್ಮ ಬೆಳಗಾವಿಯಲ್ಲಿಯೂ ಇದ್ದಿತೆಂಬದನ್ನು ನಾವು ಮರೆಯಬಾರದು. ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರ ಉದ್ಯಮದ ಮೂಲವು 1888ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಸಾಯಕಲ್ಲಿನ ಅಂಗಡಿಯೇ. ಅಲ್ಲಿಂದ ಕಣಿಕೆ ಕತ್ತರಿಸುವ ಯಂತ್ರಕ್ಕೂ ಕಬ್ಬಿಣದ ನೇಗಿಲಿಗೂ ಅವರು ಬಂದರು. ಕಬ್ಬಿಣವು ನೆಲಕ್ಕೆ ವಿಷವೆಂದು ನಂಬಿದ್ದ ರೈತರು ಮೊದಮೊದಲು ಆ ನೇಗಿಲನ್ನು ಮುಟ್ಟಲಿಲ್ಲ. ಅದು ಪೇಟೆ ಹಿಡಿಯುವದಕ್ಕೆ ವರ್ಷಗಳೇ ಬೇಕಾದವು. ಅವರು ತಾಳಿದರು. ಆದರೆ ಊರು ತಾಳಲಿಲ್ಲ. ಬೆಳಗಾವಿಯ ಹೊಸ ಬಡಾವಣೆಯ ಸಲುವಾಗಿ ಕಾರಖಾನೆಯ ಜಾಗವನ್ನು ಬಿಡಬೇಕಾಗಿ ಬಂದಾಗ, ಔಂಧ ಸಂಸ್ಥಾನದ ಅರಸರು ಕರೆದು ಭೂಮಿ ಕೊಟ್ಟರು; 1910ರಲ್ಲಿ ಕಿರ್ಲೋಸ್ಕರವಾಡಿಯು ಹುಟ್ಟಿತು. ಸವದತ್ತಿಯ ಮಣ್ಣಿನ ಮಗನ ಕೀರ್ತಿಯು ಬೇರೊಂದು ಊರಿಗೆ ಹೆಸರಾಯಿತು. ದೋಷವು ಯಾರದೆಂದು ಶತಮಾನದ ಮೇಲೆ ಕೆದಕುವದರಲ್ಲಿ ಅರ್ಥವಿಲ್ಲ; ಪಾಠವನ್ನು ಮಾತ್ರ ನೆನಪಿಡಬೇಕು.

ಎರಡನೆಯ ಉದಾಹರಣೆಯು ಮೋಟಾರು ಮತ್ತು ವಿಮಾನಗಳೆರಡನ್ನೂ ಒಂದೇ ಕಾಲಕ್ಕೆ ಕನಸು ಕಂಡ ಪುರುಷನದು. ನೆರೆಯ ಸೊಲ್ಲಾಪುರದಲ್ಲಿ 1882ರಲ್ಲಿ ಜನಿಸಿದ ವಾಲಚಂದ ಹಿರಾಚಂದರು ಭಾರತದಲ್ಲಿಯೇ ಮೋಟಾರಿನ ಕಾರಖಾನೆಯಾಗಬೇಕೆಂದು ಹಟ ತೊಟ್ಟಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯುರೋಪು ಅಮೇರಿಕಗಳನ್ನು ಸುತ್ತಿ ಇದೇ ಯೋಜನೆಯನ್ನು ಸಿದ್ಧಪಡಿಸಿದ್ದರು. ಪರಕೀಯ ಸರಕಾರದ ಬೆಂಬಲವು ದೊರೆಯದೆ ಅದು ಕೂಡಿ ಬರಲಿಲ್ಲ. ಅಷ್ಟರಲ್ಲಿ 1939ರ ಪ್ರವಾಸವೊಂದರಲ್ಲಿ ವಾಲಚಂದರಿಗೆ ಪಾಲಿ ಎಂಬ ಅಮೇರಿಕನ್ ವಿಮಾನೋದ್ಯಮಿಯ ಭೆಟ್ಟಿಯಾಯಿತು. ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ಭೂಮಿಯನ್ನೂ 25 ಲಕ್ಷ ರೂಪಾಯಿಗಳ ಬಂಡವಾಳವನ್ನೂ ಕೊಟ್ಟಿತು. 1940ನೇ ಡಿಸೆಂಬರ 23ರಂದು ಹಿಂದುಸ್ಥಾನ ಏರ್‌ಕ್ರಾಫ್ಟ್ ಕಂಪನಿಯು ಸ್ಥಾಪಿತವಾಯಿತು. 1941ರಲ್ಲಿಯೇ ಮೊದಲ ತರಬೇತಿ ವಿಮಾನವು ಅಲ್ಲಿ ಜೋಡಣೆಯಾಗಿ ಹಾರಿತು. ಆದರೆ ಯುದ್ಧದ ಕಾರಣವನ್ನು ಮುಂದುಮಾಡಿ ಭಾರತ ಸರಕಾರವು 1942ರಲ್ಲಿ ವಾಲಚಂದರ ಪಾಲನ್ನು ಕೊಂಡುಕೊಂಡಿತು. ಮೋಟಾರಿನ ಆಸೆಯನ್ನು ಅವರು 1944ರಲ್ಲಿ ಮುಂಬಯಿಯ ಪ್ರೀಮಿಯರ್ ಕಂಪನಿಯಿಂದ ತೀರಿಸಿಕೊಂಡರು. ವಿಮಾನವು ಬೆಂಗಳೂರಿಗೂ ಮೋಟಾರು ಮುಂಬಯಿಗೂ ಹಂಚಿಹೋದವು. ಬೆಂಗಳೂರಿನ ಆ ಕಾರಖಾನೆಯು ಸ್ವರಾಜ್ಯದ ತರುವಾಯ ಬೆಳೆದು ದೇಶದ ಸೈನ್ಯಕ್ಕೆ ವಿಮಾನಗಳನ್ನು ಕೊಟ್ಟಿತು. ಆದರೆ ಒಂದೇ ಸೂರಿನ ಕೆಳಗೆ ಒಂದರ ಲಾಭವು ಇನ್ನೊಂದರ ನಷ್ಟವನ್ನು ಹೊರುವ, ಹೋಂಡಾ ಮಾಡಿದಂಥ ವ್ಯವಸ್ಥೆಗೆ ನಮ್ಮಲ್ಲಿ ಅವಕಾಶವಾಗಲಿಲ್ಲ.

ಮೂರನೆಯ ಪ್ರಯತ್ನವು ನಮ್ಮ ಕಾಲದ್ದೇ. ಜೀಪು ಟ್ರ್ಯಾಕ್ಟರುಗಳಿಂದ ರೈತರಿಗೆಲ್ಲ ಪರಿಚಿತರಾದ ಮಹೀಂದ್ರರು 2009ರ ಕೊನೆಯಲ್ಲಿ ಆಸ್ಟ್ರೇಲಿಯದ ಗಿಪ್ಸ್‌ಲ್ಯಾಂಡ್ ಎಂಬ ಚಿಕ್ಕ ವಿಮಾನ ಕಂಪನಿಯ ಹೆಚ್ಚಿನ ಪಾಲನ್ನು ಕೊಂಡರು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದೊಡನೆ ಕೂಡಿ ಐದು ಜನರು ಕೂಡ್ರುವ ವಿಮಾನವೊಂದನ್ನು ರಚಿಸಿದರು. ಅದು 2011ರಲ್ಲಿ ಆಸ್ಟ್ರೇಲಿಯದಲ್ಲಿ ಹಾರಿತು. ಜೆಟ್ ಅಲ್ಲ, ಸುತ್ತುವ ಪಂಖದ ವಿಮಾನವು. ಭಾರತದ ಖಾಸಗಿ ಮೋಟಾರು ತಯಾರಕರೊಬ್ಬರು ಚಿಕ್ಕ ವಿಮಾನಕ್ಕೆ ಕೈ ಹಾಕಿದರೆಂದು ನಾವೆಲ್ಲ ಹರ್ಷಪಟ್ಟೆವು. ಆದರೆ ಆ ಐದಾಸನದ ವಿಮಾನವು ಪೇಟೆಗೆ ಬರಲಿಲ್ಲ. ಆಸ್ಟ್ರೇಲಿಯದ ಕಾರಖಾನೆಯಲ್ಲಿ 2020ರಲ್ಲಿ ತಯಾರಿಕೆ ನಿಂತಿತು. 2023ರಲ್ಲಿ ಅದು ತನ್ನ ಮೂಲ ಸ್ಥಾಪಕರಲ್ಲೊಬ್ಬರಿಗೇ ಮರಳಿ ಹೋಯಿತು. ಹದಿಮೂರು ಹದಿನಾಲ್ಕು ವರ್ಷಗಳಲ್ಲಿ ಕಥೆ ಮುಗಿಯಿತು. ಹೋಂಡಾ ಅಷ್ಟು ವರ್ಷಗಳಲ್ಲಿ ಎಲ್ಲಿತ್ತು? 1986ಕ್ಕೆ ಹದಿಮೂರನ್ನು ಕೂಡಿಸಿದರೆ 1999. ಆಗ ಮಾರುವ ವಿಮಾನವು ಇನ್ನೂ ನೆಲ ಬಿಟ್ಟು ಏಳಲೇ ಇಲ್ಲ! ಮಹೀಂದ್ರರನ್ನು ಹಳಿಯುವದು ನಮ್ಮ ಉದ್ದೇಶವಲ್ಲ. ಪಾಲುದಾರರಿಗೆ ಲೆಕ್ಕ ಒಪ್ಪಿಸಬೇಕಾದವರ ಕಷ್ಟವನ್ನು ನಾವು ಬಲ್ಲೆವು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಅವರು ಸ್ಥಾಪಿಸಿದ ವಿಮಾನದ ಬಿಡಿಭಾಗಗಳ ಕಾರಖಾನೆಯು ಪರದೇಶದ ಕಂಪನಿಗಳಿಗೆ ಕೆಲಸ ಮಾಡಿಕೊಡುತ್ತ ಉಳಿದಿದೆ. ಅದೇ ನರಸಾಪುರದಲ್ಲಿ ಹೋಂಡಾದ ಸ್ಕೂಟರಿನ ಕಾರಖಾನೆಯೂ ಇರುವದು ದೈವದ ವಿನೋದವೇ ಸರಿ.

ಬಿಡಿಭಾಗ! ಈ ಮಾತಿಗೆ ಬಂದೊಡನೆ ನಾವು ನಮ್ಮ ಜಿಲ್ಲೆಗೇ ಬಂದಂತಾಯಿತು. ಕಿತ್ತೂರಿನ ಚನ್ನಮ್ಮನ ಕೋಟೆಯ ಬದಿಯ ಹೆದ್ದಾರಿಯಲ್ಲಿ ನಿಂತು ದಕ್ಷಿಣಕ್ಕೆ ಹೋದರೆ, ಧಾರವಾಡದ ಕೈಗಾರಿಕಾ ಪ್ರದೇಶದಲ್ಲಿ ಟಾಟಾ ಸಂಸ್ಥೆಯವರ ಬಸ್ಸುಗಳು ತಯಾರಾಗುವವು. ಉತ್ತರಕ್ಕೆ ಬೆಳಗಾವಿಯನ್ನು ದಾಟಿ ಹೋದರೆ, ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ 250 ಎಕರೆಗಳ ವಿಶೇಷ ಆರ್ಥಿಕ ವಲಯವು ಸಿಕ್ಕುವದು. ಏಕಸ್ ಸಂಸ್ಥೆಯ ಆ ಆವಾರದೊಳಗೆ ಲೋಹವನ್ನು ಕಾಸಿ ಬಡಿಯುವ, ಕಡೆದು ಕೊರೆಯುವ, ಮೇಲ್ಮೈಗೆ ಲೇಪ ಕೊಡುವ ಕೆಲಸಗಳೆಲ್ಲ ನಡೆದು, ಏರ್‌ಬಸ್ಸಿನಂಥ ಜಗತ್ಪ್ರಸಿದ್ಧ ವಿಮಾನಗಳಿಗೆ ಭಾಗಗಳು ಹೋಗುವವು. ಬೆಳಗಾವಿಯ ಎರಕದ ಕಾರಖಾನೆಗಳಂತೂ ಹಳೆಯ ಕಾಲದಿಂದ ಮೋಟಾರಿನ ಭಾಗಗಳಿಗೆ ಹೆಸರಾದವು. ಒಂದು ದಿಕ್ಕಿನಲ್ಲಿ ಮೋಟಾರು, ಇನ್ನೊಂದು ದಿಕ್ಕಿನಲ್ಲಿ ವಿಮಾನ, ನಡುವೆ ಕಿತ್ತೂರು. 2021ರಲ್ಲಿ ಸರಕಾರವು ಈ ಪ್ರಾಂತವನ್ನೆಲ್ಲ ಕಿತ್ತೂರು ಕರ್ನಾಟಕವೆಂದು ಕರೆಯಿತು. ಹೆಸರು ಬಂದಿತು, ಸಂತೋಷ. ಹೆಸರಿಗೆ ತಕ್ಕ ಉದ್ಯಮವು ಬೇಡವೆ?

ವಿಮಾನದ ಭಾಗ ಮಾಡುವದು ಸಣ್ಣ ಮಾತಲ್ಲ. ಕೂದಲೆಳೆಗಿಂತ ಸೂಕ್ಷ್ಮವಾದ ಅಳತೆಯನ್ನು ತಪ್ಪದೆ ಹಿಡಿಯುವ ಕೈಗಳು ನಮ್ಮಲ್ಲಿವೆಯೆಂಬದು ಅದರಿಂದ ಸಿದ್ಧವಾಗಿದೆ. ಆದರೆ ನಕ್ಷೆಯು ಯಾರದು? ಬೇರೆಯವರದು. ಅವರು ಕಳಿಸಿದ ನಕ್ಷೆಯಂತೆ ನಾವು ಕಡೆಯುವೆವು. ಅವರು ಬೇಡವೆಂದ ದಿನ ಯಂತ್ರವು ನಿಲ್ಲುವದು. 2025ರಲ್ಲಿ ಫ್ರಾನ್ಸಿನ ದಸೋ ಸಂಸ್ಥೆಯು ನಾಗಪುರದಲ್ಲಿ ಫಾಲ್ಕನ್ 2000 ಎಂಬ ಖಾಸಗಿ ಜೆಟ್ ವಿಮಾನವನ್ನು ಭಾರತೀಯ ಸಂಸ್ಥೆಯೊಡನೆ ಕೂಡಿ ಕಟ್ಟುವದಾಗಿ ಸಾರಿತು. ಅದು ಸ್ವಾಗತಾರ್ಹವೇ, ಆದರೆ ಅಲ್ಲಿಯೂ ನಕ್ಷೆಯು ಫ್ರೆಂಚರದು. ರಾಮದುರ್ಗದ ನೇಕಾರನು ಈ ಮರ್ಮವನ್ನು ಎಂಜಿನಿಯರರಿಗಿಂತ ಚೆನ್ನಾಗಿ ಬಲ್ಲನು. ನೂಲನ್ನೂ ನಮೂನೆಯನ್ನೂ ಸಾಹುಕಾರನು ಕೊಟ್ಟು, ಕೂಲಿಯಷ್ಟನ್ನೇ ನೇಕಾರನು ಪಡೆಯುವಾಗ, ಸೀರೆಯ ಹೆಸರೂ ಲಾಭವೂ ಯಾರ ಪಾಲಿಗೆ ಹೋಗುವವೆಂಬದು ಅವನಿಗೆ ತಿಳಿದ ವಿಷಯ.

ಈಗ ಮೊದಲಿನ ಪ್ರಶ್ನೆಗೆ ಉತ್ತರ. ಜೆಟ್ ವಿಮಾನವು ಶ್ರೀಮಂತರ ಆಟಿಗೆಯಲ್ಲವೆ? ಒಂದು ಮಟ್ಟಿಗೆ ಹೌದು. ನಾವು ಅದನ್ನು ಮರೆಮಾಚುವದಿಲ್ಲ. ನಮ್ಮ ನಾಲ್ಕು ತಾಲೂಕುಗಳಿಗೆ ಮೊದಲು ಬೇಕಾದವು ಒಳ್ಳೆಯ ರಸ್ತೆ, ಬಸ್ಸು, ಕಾಲುವೆಯ ನೀರು, ದವಾಖಾನೆ. ಆದರೆ ವಿಮಾನವನ್ನು ಏರುವವನ ಲಾಭವು ಬೇರೆ, ಅದನ್ನು ಮಾಡುವವನ ಲಾಭವು ಬೇರೆ. ಏರುವವನು ಒಬ್ಬನು; ಮಾಡುವವರು ಸಾವಿರಾರು ಜನರು. ಚಿಕ್ಕ ವಿಮಾನದ ಎಂಜಿನನ್ನು ಬಲ್ಲವನು ನೀರೆತ್ತುವ ಪಂಪನ್ನೂ ಚೆನ್ನಾಗಿ ಮಾಡಬಲ್ಲನು. ಹಗುರಾದ ಗಟ್ಟಿ ಒಡಲನ್ನು ರಚಿಸಬಲ್ಲವನು ಆಸ್ಪತ್ರೆಯ ಸಲಕರಣೆಯನ್ನೂ ರಚಿಸಬಲ್ಲನು. ಕಣಿಕೆ ಕತ್ತರಿಸುವ ಯಂತ್ರದಿಂದ ಕಿರ್ಲೋಸ್ಕರರು ಪಂಪು ಎಂಜಿನುಗಳವರೆಗೆ ಏರಿದಂತೆಯೇ, ಮೇಲಿನ ಮೆಟ್ಟಲಿನ ವಿದ್ಯೆಯು ಕೆಳಗಿನ ಮೆಟ್ಟಲುಗಳಿಗೂ ಇಳಿದು ಬರುವದು. ಇಂದು ಬೈಲಹೊಂಗಲದ ತರುಣನು ಡಿಪ್ಲೋಮಾ ಮುಗಿಸಿ ಪುಣೆಗೋ ಬೆಂಗಳೂರಿಗೋ ಹೋಗುವನು. ಅವನು ಹೋಗುವದು ತಪ್ಪಲ್ಲ. ಮರಳಿ ಬರಲು ಇಲ್ಲಿ ಕೆಲಸವಿಲ್ಲದಿರುವದೇ ತಪ್ಪು.

ಹಾಗಾದರೆ ಮಾಡಬೇಕಾದದ್ದೇನು? ನಾಳೆಯೇ ಸವದತ್ತಿಯಲ್ಲಿ ಜೆಟ್ ವಿಮಾನದ ಕಾರಖಾನೆಯಾಗಲಿ ಎಂದು ಕೂಗುವಷ್ಟು ಅವಿವೇಕಿಗಳು ನಾವಲ್ಲ. ಮೊದಲನೆಯದಾಗಿ, ಲೋಹಗಳ ಪರೀಕ್ಷೆ ಮಾಡಿ ವಿಮಾನಕ್ಕೆ ಯೋಗ್ಯವೆಂದು ಪ್ರಮಾಣಪತ್ರ ಕೊಡುವ, ಸಣ್ಣ ಕಾರಖಾನೆಯವರಿಗೂ ಬಾಗಿಲು ತೆರೆದಿರುವ ಪ್ರಯೋಗಶಾಲೆಯು ಈ ಜಿಲ್ಲೆಯಲ್ಲಿ ಬೇಕು. ಎರಡನೆಯದಾಗಿ, ನಮ್ಮ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿಯೂ ಪಾಲಿಟೆಕ್ನಿಕ್‌ಗಳಲ್ಲಿಯೂ ಕಡೆಯುವದನ್ನಷ್ಟೇ ಅಲ್ಲದೆ ರಚಿಸುವದನ್ನೂ ಕಲಿಸಬೇಕು. ಅದನ್ನು ಹುಡುಗನ ಮನಸ್ಸಿಗೆ ಹತ್ತುವ ಕನ್ನಡದಲ್ಲಿ ಕಲಿಸಬೇಕು. ಮೂರನೆಯದಾಗಿ, ಇಪ್ಪತ್ತು ಮೂವತ್ತು ವರ್ಷ ಫಲವನ್ನು ಬೇಡದೆ ಕಾಯುವ ಬಂಡವಾಳವು ಬೇಕು. ಇದು ಬ್ಯಾಂಕಿನ ಬಡ್ಡಿಯ ಲೆಕ್ಕದಿಂದ ಆಗುವ ಕೆಲಸವಲ್ಲ. ಮೈಸೂರು ಸಂಸ್ಥಾನವು 1940ರಲ್ಲಿ ಮಾಡಿದಂತೆ, ರಾಜ್ಯ ಸರಕಾರವು ಪಾಲುದಾರನಾಗಿ ಭಾರವನ್ನು ಹೊರಲು ಮುಂದಾಗಬೇಕು. ಹೊತ್ತ ಮೇಲೆ ಸರಕಾರ ಬದಲಾದೊಡನೆ ಇಳಿಸಬಾರದು. ದೇಶದ ಮೋಟಾರು ತಯಾರಕರು ತಮ್ಮ ಲಾಭದ ಒಂದು ಸಣ್ಣ ಪಾಲನ್ನು ಇಂಥ ದೀರ್ಘ ಸಂಶೋಧನೆಗೆ ತೆಗೆದಿಡಬೇಕು.

ಇದರಲ್ಲಿ ಸೋಲು ಬರಬಹುದು, ಪ್ರಾಣಹಾನಿಯೂ ಆಗಬಹುದು. ಬೆಂಗಳೂರಿನ ಪ್ರಯೋಗಾಲಯವು ರಚಿಸಿದ ಸರಸ ಎಂಬ ವಿಮಾನವು 2009ನೇ ಮಾರ್ಚ 6ರಂದು ಬಿಡದಿಯ ಹತ್ತಿರ ಬಿದ್ದು, ವಾಯುಸೈನ್ಯದ ಮೂವರು ಅಧಿಕಾರಿಗಳು ಮಡಿದರು. ಅಂಥವರ ತ್ಯಾಗದ ಮುಂದೆ ನಮ್ಮ ಹಣದ ನಷ್ಟವು ಏನು ದೊಡ್ಡದು? ಸೋತ ಪ್ರಯೋಗದಿಂದ ಕಲಿತ ವಿದ್ಯೆಯನ್ನು ಕೈಬಿಡುವದೊಂದೇ ನಿಜವಾದ ಸೋಲು.

ಬೈಲಹೊಂಗಲದಲ್ಲಿ ಚನ್ನಮ್ಮನ ಸಮಾಧಿಯಿದೆ. ಅವಳ ಹೆಸರಿನಲ್ಲಿ ಉತ್ಸವ ಮಾಡುವ ನಾವು, ಪರರ ಅಂಕಿತಕ್ಕೆ ಕಾಯ್ದು ಬದುಕಲೊಲ್ಲೆನೆಂಬ ಅವಳ ಹಟವನ್ನು ಉದ್ಯಮದಲ್ಲಿಯೂ ತೋರಿಸಬೇಡವೆ? ಕೈಯಲ್ಲಿ ದುಡ್ಡು ಸಾಲದೆ ಜಪಾನಿನ ಒಬ್ಬ ಹುಡುಗನು ಮರವನ್ನು ಹತ್ತಿದನು. ಅವನು ಕಂಡದ್ದನ್ನು ಅವನ ಊರಿನವರು ತೊಂಬತ್ತೆಂಟು ವರ್ಷಗಳ ಮೇಲೆ ಪೇಟೆಗೆ ತಂದರು. ಸಾಂಬ್ರಾದ ನಿಲ್ದಾಣದಿಂದ ಏಳುವ ವಿಮಾನವನ್ನು ನಮ್ಮ ಸೀಮೆಯ ಹೊಲದ ಬದುವಿನ ಮೇಲೆ ನಿಂತು ಕತ್ತೆತ್ತಿ ನೋಡುವ ಹುಡುಗರು ಇಂದಿಗೂ ಇದ್ದಾರೆ. ಅವರ ಸಲುವಾಗಿ ನಾವು ಈಗಲೇ ಒಂದು ಸಸಿಯನ್ನು ನೆಡುವೆವೋ, ಅಥವಾ ಬೆಳಗಾವಿಯ ಆ ಸಾಯಕಲ್ಲಿನ ಅಂಗಡಿಯಂತೆ ಇನ್ನೊಂದನ್ನೂ ಬೇರೆ ಊರಿಗೆ ಕಳಿಸಿಕೊಡುವೆವೋ? ಬಲ್ಲವರೂ ಅಧಿಕಾರದಲ್ಲಿರುವವರೂ ಇದನ್ನು ವಿಚಾರಿಸಬೇಕೆಂದು ನಾವು ಬೇಡಿಕೊಳ್ಳುವೆವು.